ಅಟ್ಟದಲ್ಲಿ ಟೈಪ್‌ರೈಟರ್ ಸಿಕ್ಕಿದೆ, ಗುಜರಿಗೆ ಹಾಕಲೋ ಬೇಡವೋ?

ಅಟ್ಟದ ಬೆಕ್ಕು, ಶಿರಸಿ

ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕಿತ್ತು. ಹಾಗಾಗಿ ಮೊನ್ನೆ ಅಟ್ಟ ಹತ್ತಿದ್ದೆ. ಹರಿದ ಅಡಿಕೆ ಚೀಲ, ಕಾಲು ಮುರಿದ ತೊಟ್ಟಿಲು, ಅದರ ಹಿಂದೆ ಗೋಣಿ ಹೊದ್ದು ಕೂತ ಏನೋ ಒಂದು. ಎತ್ತಲು ಹೋದರೆ ಸೊಂಟ ಕಟಕ್ ಅಂತು. ಗೋಣಿ ತೆಗೆದರೆ ಗೋದ್ರೆಜ್ ಟೈಪ್‌ರೈಟರ್! ಪೇಟೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವರು ಬಾಗಿಲು ಹಾಕಿದಾಗ ಚಿಕ್ಕಪ್ಪ ಕೊಂಡು ತಂದದ್ದು. ಅವರು ಒಂದು ಅಕ್ಷರ ಹೊಡೆದದ್ದನ್ನೂ ನಾನು ನೋಡಿಲ್ಲ.

ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾನೆ. ಮನೆಯಲ್ಲಿ ಎಲ್ಲರಿಗೂ ಅದೇ ಸರಿ ಅನ್ನಿಸಿದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ನಿನ್ನೆ ರಾತ್ರಿ ಸುಮ್ನೆ ಅದರ ಮುಂದೆ ಕೂತೆ. ಬೆರಳುಗಳು ನನ್ನನ್ನು ಕೇಳದೆ ಎ ಎಸ್ ಡಿ ಎಫ್ ಮೇಲೆ ಹೋಗಿ ಕೂತವು. ಎಡಗೈ ಇಲ್ಲಿ, ಬಲಗೈ ಅಲ್ಲಿ. ನಾನು ಕಲಿತದ್ದು 1987ರಲ್ಲಿ, ಎಸ್ಸೆಸ್ಸೆಲ್ಸಿ ರಜೆಯಲ್ಲಿ. ಹೊಡೆದರೆ ಹಾಳೆ ಹೊತ್ತು ಸರಿಯುವ ಕ್ಯಾರೇಜ್ ಮಾತ್ರ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ಅಕ್ಷರದ ಮೇಲೆ ಅಕ್ಷರ ಬೀಳುತ್ತಿದೆ.

ಎರಡು ಪ್ರಶ್ನೆ. ಇದನ್ನು ಸರಿ ಮಾಡಬಹುದಾ? ಮತ್ತೆ, ನಿಮ್ಮಲ್ಲಿ ಯಾರಾದರೂ ಇಂಥದ್ದರಲ್ಲಿ ಕಲಿತವರು ಇದ್ದೀರಾ?

ಬಸ್ಸಿನ ಕಿಟಕಿ, ಸೋಂದಾ ಕಡೆಯವಳು

ಗುಜರಿಗೆ ಮಾತ್ರ ಹಾಕಬೇಡಿ ಮಾರಾಯ್ರೇ. ಮೊದಲು ಅದನ್ನು ಹೇಳಿ ಆಮೇಲೆ ನನ್ನ ಕತೆ.

ಪಿಯುಸಿ ಮುಗಿದ ಮೇಲೆ ನಮ್ಮ ಕಡೆ ಹುಡುಗಿಯರಿಗೆ ಇದ್ದದ್ದು ಎರಡೇ ದಾರಿ. ಹೊಲಿಗೆ, ಇಲ್ಲಾ ಟೈಪಿಂಗ್. ಮದುವೆ ಗೊತ್ತಾಗುವ ತನಕ ಏನೋ ಒಂದು ಕಲಿಯುತ್ತಿರಲಿ ಅಂತ. ಹೊಲಿಗೆ ಮಷಿನ್ ಊರಲ್ಲೇ ಇತ್ತು. ಟೈಪಿಂಗ್‌ಗೆ ಮಾತ್ರ ಶಿರಸಿಗೇ ಹೋಗಬೇಕು. ನಾನು ಯಾವುದನ್ನು ಆರಿಸಿಕೊಂಡೆ ಅಂತ ಹೇಳಬೇಕಾ?

ಕ್ಲಾಸ್ ಇದ್ದದ್ದು ಒಂದು ಗಂಟೆ. ಆದರೆ ಬೆಳಿಗ್ಗೆಯ ಬಸ್ಸು ಬಿಟ್ಟರೆ ವಾಪಸ್ ಹೋಗೋಕೆ ಮಧ್ಯಾಹ್ನದ ತನಕ ಬಸ್ಸಿಲ್ಲ. ಅಂದರೆ ಒಂದು ಗಂಟೆ ಟೈಪಿಂಗ್‌ಗೆ ಮೂರು ಗಂಟೆ ಶಿರಸಿ ಪುಕ್ಕಟೆ! ಗ್ರಂಥಾಲಯದಲ್ಲಿ ಕೂತು ವಾರಪತ್ರಿಕೆ ಓದುತ್ತಿದ್ದೆ. ದೇವಿಕೆರೆ ಸುತ್ತುತ್ತಿದ್ದೆ. ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿ ಬಂದೆ ಅಂದರೆ ಮನೆಯಲ್ಲಿ ಯಾರೂ ಮತ್ತೇನೂ ಕೇಳುತ್ತಿರಲಿಲ್ಲ. ತಿಂಗಳಿಗೊಮ್ಮೆ ನಾವು ಮೂವರು ಗೆಳತಿಯರು ಸೇರಿ ಎರಡು ಮಸಾಲೆ ದೋಸೆ ತಿನ್ನುತ್ತಿದ್ದೆವು. ಮೂರಕ್ಕೆ ದುಡ್ಡು ಸಾಲುತ್ತಿರಲಿಲ್ಲ.

ಕ್ಲಾಸಿನಲ್ಲಿ ಹತ್ತೋ ಹನ್ನೆರಡೋ ಮಷಿನ್. ನನಗೆ ಬಂದದ್ದು ನಾಲ್ಕನೇ ನಂಬರ್. ಅದರಲ್ಲಿ ಜಿ ಅಕ್ಷರ ಸಾಲಿಗಿಂತ ಒಂದು ಕೂದಲಷ್ಟು ಮೇಲೆ ಕೂರುತ್ತಿತ್ತು. ಯಾರ ಹಾಳೆ ಯಾರದ್ದು ಅಂತ ಸರ್ ಅದನ್ನು ನೋಡಿಯೇ ಹೇಳಿಬಿಡುತ್ತಿದ್ದರು.

ಕಾಳಿ ದಂಡೆ, ಕಾರವಾರ

ಅಟ್ಟದ ಬೆಕ್ಕಿನವರೇ, ಮೊದಲು ನಿಮ್ಮ ರಿಪೇರಿ. ಕ್ಯಾರೇಜ್ ಸರಿಯುವುದಿಲ್ಲ ಅಂದರೆ ನೂರಕ್ಕೆ ತೊಂಬತ್ತು ಪಾಲು ಪಟ್ಟಿ ಹೋಗಿದೆ. ಹಿಂದಗಡೆ ಎಡಕ್ಕೆ ಒಂದು ದುಂಡನೆಯ ಡಬ್ಬಿ ಕಾಣುತ್ತದೆ. ಅದರೊಳಗೆ ಸುರುಳಿ ಸ್ಪ್ರಿಂಗ್. ಅದರಿಂದ ಒಂದು ಪಟ್ಟಿ ಹೊರಟು ಕ್ಯಾರೇಜಿಗೆ ಸಿಕ್ಕಿರಬೇಕು. ನೀವು ಒಂದೊಂದು ಅಕ್ಷರ ಹೊಡೆದಾಗಲೂ ಆ ಸ್ಪ್ರಿಂಗ್ ಕ್ಯಾರೇಜನ್ನು ಒಂದು ಹಲ್ಲು ಎಳೆಯುತ್ತದೆ. ಪಟ್ಟಿ ತುಂಡಾದರೆ ಎಳೆಯುವವರಿಲ್ಲ. ಗಟ್ಟಿ ನೈಲಾನ್ ದಾರ ಇದ್ದರೂ ಸದ್ಯಕ್ಕೆ ನಡೆಯುತ್ತದೆ. ಆದರೆ ಕಟ್ಟುವ ಮೊದಲು ಡಬ್ಬಿಯನ್ನು ಮೂರ್ನಾಲ್ಕು ಸುತ್ತು ತಿರುಗಿಸಿ ಬಿಗಿ ಮಾಡಿಕೊಳ್ಳಬೇಕು. ಕೈ ಜಾರಿದರೆ ಡಬ್ಬಿ ಗರ್ರ್ ಅಂತ ಬಿಚ್ಚಿಕೊಳ್ಳುತ್ತದೆ. ಬೆರಳು ಜೋಪಾನ.

ಇನ್ನೊಂದು ಮಾತು. ಸಿಕ್ಕ ಸಿಕ್ಕಲ್ಲಿ ಎಣ್ಣೆ ಬಿಡಬೇಡಿ. ಅಕ್ಷರದ ಕಡ್ಡಿಗಳು ಸೇರುವ ಅರ್ಧಚಂದ್ರದ ಬಾಚಣಿಗೆ ಇದೆಯಲ್ಲ, ಅಲ್ಲಿಗೆ ಎಣ್ಣೆ ಬಿದ್ದರೆ ಧೂಳು ಹಿಡಿದು ಅಂಟಾಗುತ್ತದೆ. ಅಲ್ಲಿಗೆ ಸೀಮೆಎಣ್ಣೆ ಅಥವಾ ಸ್ಪಿರಿಟ್ ಹಚ್ಚಿದ ಬ್ರಷ್ ಸಾಕು. ಕ್ಯಾರೇಜ್ ಓಡುವ ಹಳಿಗೆ ಮಾತ್ರ ಹೊಲಿಗೆ ಮಷಿನ್ ಎಣ್ಣೆ, ಅದೂ ಎರಡೇ ಹನಿ.

ಇಷ್ಟು ಹೇಗೆ ಗೊತ್ತು ಅಂದರೆ, ನಾನು ಕಾರವಾರದಲ್ಲಿ ಜಾಬ್ ಟೈಪಿಂಗ್ ಮಾಡಿ ಹೊಟ್ಟೆ ಹೊರೆದವನು. ಕೋರ್ಟು ಕಚೇರಿಗೆ ಬರುವವರೇ ನಮ್ಮ ಗಿರಾಕಿ. ಅರ್ಜಿ, ಅಫಿಡವಿಟ್, ಕರಾರು ಪತ್ರ. ಬಿಳಿ ಹಾಳೆಯಲ್ಲಿ ತಪ್ಪಾದರೆ ಇನ್ನೊಂದು ಹಾಳೆ. ಛಾಪಾ ಕಾಗದದಲ್ಲಿ ತಪ್ಪಾದರೆ ನಮ್ಮ ಜೇಬಿನಿಂದಲೇ ಹೊಸದು ತರಬೇಕು. ಅದಕ್ಕೇ ಛಾಪಾ ಕಾಗದ ರೋಲರಿಗೆ ಸಿಕ್ಕಿಸಿದಾಗ ನಾನು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಹೆಂಡತಿ ಊಟದ ಡಬ್ಬಿ ತಂದರೂ ಕೈಸನ್ನೆ ಅಷ್ಟೇ.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಆಮೇಲೆ ಅದಕ್ಕೆ ಜಾಗ ಬಿಟ್ಟುಕೊಡಬೇಕಾದ ಅರ್ಗಾ, ಚೆಂಡಿಯಾ ಕಡೆಯ ಜನ ಕಾಗದದ ಕಟ್ಟು ಹಿಡಿದು ಬರುತ್ತಿದ್ದರು. ಮನೆಯದ್ದು, ಗದ್ದೆಯದ್ದು, ತೆಂಗಿನ ಮರದ್ದು. ಅವರು ಕೊಂಕಣಿಯಲ್ಲಿ ಹೇಳುವುದು, ವಕೀಲರು ಕನ್ನಡದಲ್ಲಿ ಬರೆದು ಕೊಡುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಒಬ್ಬ ಅಜ್ಜಿ ತನ್ನ ಹಿತ್ತಲಿನ ಮರಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದಳು. ಹಲಸು ಎರಡು, ಮಾವು ಮೂರು, ಮುರುಗಲು ಒಂದು. ಮುರುಗಲಿಗೆ ಇಂಗ್ಲಿಷ್ ಏನು ಅಂತ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಕೋಕಂ ಅಂತಲೇ ಹೊಡೆದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಾಳೆ ತೆಗೆದುಕೊಂಡು, ಅಚ್ಚಾದ ಜಾಗವನ್ನು ಹಿಂಬದಿಯಿಂದ ಬೆರಳಿನಲ್ಲಿ ಸವರಿ ನೋಡಿದಳು. ಫುಲ್‌ಸ್ಟಾಪ್ ಬಿದ್ದಲ್ಲೆಲ್ಲ ಹಿಂದೆ ಸಣ್ಣ ಗುಳ್ಳೆ ಇರುತ್ತದಲ್ಲ, ಅದು ಕೈಗೆ ಸಿಗುತ್ತದೆ.

ಹೊಸ ನೀರು, ಅಂಕೋಲಾ

ನಾನು ಇವನ್ನೆಲ್ಲ ಮ್ಯೂಸಿಯಂನಲ್ಲಿ ಮಾತ್ರ ನೋಡಿದ್ದು. ಒಂದು ಡೌಟು. ಈ ಕೀಬೋರ್ಡ್ ಅಕ್ಷರಗಳನ್ನು ಬೇಕಂತಲೇ ಅಡ್ಡಾದಿಡ್ಡಿ ಜೋಡಿಸಿದ್ದಂತೆ, ಟೈಪ್ ಮಾಡುವವರು ನಿಧಾನ ಆಗಲಿ ಅಂತ. ನಿಜವಾ?

ಸುಮ್ನೆ ಓದುವವ, ಹೊನ್ನಾವರ

ಇದು ಎಲ್ಲರೂ ಹೇಳುವ ಕತೆ, ಆದರೆ ಅಷ್ಟು ಸರಳ ಅಲ್ಲ. ಈ ಜೋಡಣೆ ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಅವರದ್ದು. ರೆಮಿಂಗ್ಟನ್ ಕಂಪನಿ ಆ ಮಷಿನನ್ನು 1874ರಲ್ಲಿ ಮಾರಾಟಕ್ಕೆ ತಂದಿತು. ಒಟ್ಟೊಟ್ಟಿಗೆ ಬರುವ ಅಕ್ಷರಗಳ ಕಡ್ಡಿ ಒಂದಕ್ಕೊಂದು ಸಿಕ್ಕಿಕೊಳ್ಳಬಾರದು ಅಂತ ದೂರ ಇಟ್ಟರು ಅನ್ನುತ್ತಾರೆ. ಹಾಗಾದರೆ ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಗೆ ಬರುವ ಇ ಮತ್ತು ಆರ್ ಯಾಕೆ ಅಕ್ಕಪಕ್ಕ ಕೂತಿವೆ? ಕಡ್ಡಿ ಸಿಕ್ಕಿಕೊಳ್ಳದಿದ್ದರೆ ಕೆಲಸ ಬೇಗ ಆಗುತ್ತದೆಯೇ ಹೊರತು ನಿಧಾನ ಅಲ್ಲ, ಅಲ್ವಾ? ಟೆಲಿಗ್ರಾಫ್ ಕೆಲಸದವರ ಅನುಕೂಲ ನೋಡಿ ಜೋಡಿಸಿದ್ದು ಅನ್ನುವ ಸಂಶೋಧಕರೂ ಇದ್ದಾರೆ.

ಆ ಮೊದಲ ಮಷಿನ್‌ನಲ್ಲಿ ದೊಡ್ಡಕ್ಷರ ಮಾತ್ರ ಇದ್ದದ್ದು. ಶಿಫ್ಟ್ ಬಂದದ್ದು 1878ರ ಎರಡನೇ ಮಾದರಿಯಲ್ಲಿ. ಇನ್ನೊಂದು ಮೋಜು. ಟೈಪ್‌ರೈಟರ್ ಅನ್ನುವ ಇಂಗ್ಲಿಷ್ ಪದದ ಎಲ್ಲ ಅಕ್ಷರಗಳೂ ಮೇಲಿನ ಒಂದೇ ಸಾಲಿನಲ್ಲಿವೆ. ಈಗಲೇ ನಿಮ್ಮ ಕಂಪ್ಯೂಟರಿನಲ್ಲಿ ನೋಡಿ.

ಹೊಸ ನೀರು, ಅಂಕೋಲಾ

ಅರೆ, ಹೌದಲ್ಲ!

ಕುಮಟೆಯ ಕೈರುಚಿ, ಕುಮಟಾ

ಹೊಸ ನೀರು ಅವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಎಷ್ಟೋ ಮಷಿನ್‌ಗಳಲ್ಲಿ ಒಂದು ಅನ್ನುವ ಅಂಕಿಯೇ ಇರಲಿಲ್ಲ. ಎರಡರಿಂದ ಶುರು. ಹಾಗಾದರೆ 1991 ಅಂತ ಹೇಗೆ ಹೊಡೆಯುತ್ತಿದ್ದೆವು? ಆಶ್ಚರ್ಯ ಚಿಹ್ನೆಯೂ ಇರಲಿಲ್ಲ.

ಹೊಸ ನೀರು, ಅಂಕೋಲಾ

ದೊಡ್ಡ ಐ?

ಕುಮಟೆಯ ಕೈರುಚಿ, ಕುಮಟಾ

ಹತ್ತಿರ ಬಂದಿರಿ. ಸಣ್ಣ ಎಲ್! ನೋಡಲು ಒಂದರ ಹಾಗೇ. ಆಶ್ಚರ್ಯ ಚಿಹ್ನೆಗೆ ಮೊದಲು ಮೇಲಿನ ಅಲ್ಪವಿರಾಮ, ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ಹಿಂದೆ ಬಂದು ಅದರ ಕೆಳಗೆ ಫುಲ್‌ಸ್ಟಾಪ್. ನಮ್ಮ ಬ್ಯಾಕ್‌ಸ್ಪೇಸ್ ಏನನ್ನೂ ಅಳಿಸುತ್ತಿರಲಿಲ್ಲ, ಸುಮ್ಮನೆ ಹಿಂದೆ ಬರುತ್ತಿತ್ತು. ಆಶ್ಚರ್ಯಪಡಲು ಮೂರು ಪೆಟ್ಟು ಬೇಕು ನೋಡಿ. ಹಾಗಾಗಿ ಆಗ ಯಾರೂ ಈಗಿನ ಹಾಗೆ ಸಾಲಿಗೆ ಐದು ಹಾಕುತ್ತಿರಲಿಲ್ಲ.

ನಾನು ಕಲಿಯಲು ಸೇರಿದ್ದು ಆಷಾಢದಲ್ಲಿ. ಯಾರೂ ಹೀಗೆ ಮಾಡಬಾರದು. ಕರಾವಳಿ ಮಳೆಗೆ ಹಾಳೆ ಮೆತ್ತಗಾಗಿ ಓ ಅಕ್ಷರ ಹೊಡೆದಲ್ಲೆಲ್ಲ ತೂತು. ಬಾಗಿಲಲ್ಲಿ ಕೊಡೆಗಳ ಸಾಲು, ಒಳಗೆ ನೆಂದ ಚಪ್ಪಲಿ, ಸೀಮೆಎಣ್ಣೆ, ರಿಬ್ಬನ್ ಶಾಯಿ ಎಲ್ಲ ಸೇರಿದ ವಾಸನೆ. ಮೊದಲ ಎರಡು ವಾರ ಬರೀ ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಇದನ್ನು ಭಜನೆ ಥರ ಬಾಯಲ್ಲಿ ಹೇಳುತ್ತಾ ಹೊಡೆಯಬೇಕು. ಎಡಗೈ ಕಿರುಬೆರಳಿಗೆ ಶಕ್ತಿ ಎಲ್ಲಿಂದ ಬರಬೇಕು? ಎಲ್ಲರ ಹಾಳೆಯಲ್ಲೂ ಎ ಮಾತ್ರ ಮಸುಕು. ಅಕ್ಕಿ ರುಬ್ಬಿ ರುಬ್ಬಿ ಗಟ್ಟಿಯಾದ ನನ್ನ ಕೈಗೂ ಅದು ಆಗಲಿಲ್ಲ.

ಕರೆಂಟಿನ ವಿಷಯ ಹೇಳಲೇಬೇಕು. ಮಳೆಗಾಲದ ಸಂಜೆ ಬ್ಯಾಚ್‌ಗೆ ಕರೆಂಟು ಇದ್ದ ದಿನವೇ ಕಡಿಮೆ. ಮಷಿನ್‌ಗೆ ಕರೆಂಟು ಬೇಡವಲ್ಲ! ಲೈಟು ಹೋದ ಕೂಡಲೇ ಎಲ್ಲ ನಿಲ್ಲಿಸಿದರೆ ಸರ್ ಕತ್ತಲಲ್ಲೇ ಹೇಳುತ್ತಿದ್ದರು, ಯಾರು ನಿಲ್ಲಿಸಿ ಅಂದದ್ದು, ಹೊಡೀರಿ. ಒಂದೇ ಒಂದು ಕಂದೀಲು ಅವರ ಮೇಜಿನ ಮೇಲೆ. ಅವರು ಓದಿ ಹೇಳುವುದು, ನಾವು ಕತ್ತಲಲ್ಲಿ ಹೊಡೆಯುವುದು. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಎಂಟು ಮಷಿನ್. ಯಾವುದರ ಸದ್ದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಲೈಟು ಬಂದ ಮೇಲೆ ನೋಡಿದರೆ ಒಬ್ಬನ ಕೈ ಒಂದು ಕೀಲಿ ಬಲಕ್ಕೆ ಸರಿದು ಇಡೀ ಹಾಳೆ ಯಾವುದೋ ದೇಶದ ಭಾಷೆಯಾಗಿತ್ತು. ನಾನು ಕೀಲಿ ನೋಡದೆ ಹೊಡೆಯಲು ಕಲಿತದ್ದು ಪುಸ್ತಕದಿಂದ ಅಲ್ಲ, ಆ ಕತ್ತಲಿನಿಂದ.

ಎರಡನೇ ಯತ್ನ, ಸಿದ್ದಾಪುರ

ನಿಮ್ಮೆಲ್ಲರ ನೆನಪು ಸಿಹಿಯಾಗಿದೆ. ನನ್ನದು ಸ್ವಲ್ಪ ಕಹಿ, ಆದರೂ ಬರೆಯುತ್ತೇನೆ.

ನಮ್ಮ ಪರೀಕ್ಷೆ ಬೇರೆ ಊರಿನಲ್ಲಿ. ಮಷಿನ್ ನಾವೇ ಒಯ್ಯಬೇಕು. ಟೆಂಪೋದಲ್ಲಿ ಹುಲ್ಲು ಹಾಸಿ, ಮಷಿನ್ ಇಟ್ಟು, ಅವುಗಳ ನಡುವೆ ನಾವು ಕೂತು ಹೋದದ್ದು. ಸಾಲು ಮುಗಿಯುತ್ತಾ ಬಂತು ಅಂತ ಹೇಳಲು ಮಷಿನ್‌ಗೊಂದು ಬೆಲ್ಲು ಇರುತ್ತದಲ್ಲ, ದಾರಿಯುದ್ದಕ್ಕೂ ಗುಂಡಿ ಬಂದಾಗೆಲ್ಲ ಹನ್ನೊಂದು ಬೆಲ್ಲು ಒಟ್ಟಿಗೆ ಟಿಣ್ ಅನ್ನುತ್ತಿತ್ತು. ಸ್ಪೀಡ್ ಪೇಪರ್ ಶುರುವಾಗಿ ಏಳನೇ ನಿಮಿಷಕ್ಕೆ ನನ್ನ ಮಷಿನ್‌ನ ಪಟ್ಟಿ ತುಂಡು. ಕಾಳಿ ದಂಡೆಯವರು ಹೇಳಿದ್ದೇ ಪಟ್ಟಿ. ಕೈ ಎತ್ತಿದೆ. ಮೇಲ್ವಿಚಾರಕರು ಬಂದು ನೋಡಿ, ಮಷಿನ್ ನಿಮ್ಮದು, ಜವಾಬ್ದಾರಿ ನಿಮ್ಮದು ಅಂದು ಹೋದರು. ಉಳಿದ ಮೂರು ನಿಮಿಷ ಎಡಗೈಯಲ್ಲಿ ಕ್ಯಾರೇಜ್ ತಳ್ಳುತ್ತಾ ಬಲಗೈಯಲ್ಲಿ ಹೊಡೆದೆ. ಫೇಲ್.

ಆ ವರ್ಷ ಒಂದು ಕಡೆ ಟೈಪಿಸ್ಟ್ ಕೆಲಸ ಖಾಲಿ ಇತ್ತು. ನಾನು ಪಾಸಾಗುವಷ್ಟರಲ್ಲಿ ಅದು ಭರ್ತಿಯಾಗಿತ್ತು. ಈಗ ತೋಟ ನೋಡಿಕೊಂಡಿದ್ದೇನೆ, ಚೆನ್ನಾಗಿಯೇ ಇದ್ದೇನೆ. ಆದರೂ ಟೆಂಪೋ ಹಿಂದೆ ಏನಾದರೂ ಟಿಣ್ ಅಂದರೆ ಇವತ್ತಿಗೂ ಮೈ ಬಿಗಿಯಾಗುತ್ತದೆ.

ಕಾಳಿ ದಂಡೆ, ಕಾರವಾರ

ಎರಡನೇ ಯತ್ನ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಪಟ್ಟಿ ಬದಲಾಯಿಸದೆ ಮಷಿನ್ ಹೊರಗೆ ಕಳಿಸಿದವರದ್ದೇ ತಪ್ಪು. ಇದನ್ನು ಮೆಕ್ಯಾನಿಕ್ ಆಗಿ ಹೇಳುತ್ತಿದ್ದೇನೆ. ಕಾರವಾರದ ಉಪ್ಪು ಗಾಳಿಗೆ ನಾವು ಶನಿವಾರ ಶನಿವಾರ ಎಲ್ಲ ಬಿಚ್ಚಿ ಸೀಮೆಎಣ್ಣೆ ಹೊಡೆಯುತ್ತಿದ್ದೆವು. ಒಂದು ವಾರ ಬಿಟ್ಟರೆ ಸ್ಪ್ರಿಂಗ್ ಕೆಂಪಾಗುತ್ತಿತ್ತು.

ನೀಲಿ ಕಾರ್ಬನ್, ಕಾರವಾರ

ಸರ್ಕಾರಿ ಕೆಲಸದಲ್ಲಿ ನಿವೃತ್ತಳು. ಸ್ಟೆನ್ಸಿಲ್ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನು.

ನೂರು ಪ್ರತಿ ಬೇಕು ಅಂದರೆ ಕಾರ್ಬನ್ ಸಾಲದು. ಕಾರ್ಬನ್ ಇಟ್ಟರೆ ನಾಲ್ಕೈದು ಪ್ರತಿ, ಐದನೆಯದು ಓದಲು ದೇವರೇ ಬರಬೇಕು. ನೂರಕ್ಕೆ ಮೇಣದ ಸ್ಟೆನ್ಸಿಲ್ ಹಾಳೆ. ರಿಬ್ಬನ್‌ನ ಸನ್ನೆಯನ್ನು ಬಿಳಿ ಗುರುತಿಗೆ ತಿರುಗಿಸಿದರೆ ರಿಬ್ಬನ್ ಮೇಲೇಳುವುದಿಲ್ಲ. ಬರಿ ಅಕ್ಷರ ಬಂದು ಮೇಣ ಕೊರೆಯುತ್ತದೆ. ಆಮೇಲೆ ಆ ಕೊರೆದ ಜಾಗದಿಂದ ಶಾಯಿ ಇಳಿದು ಪ್ರತಿಗಳು ಅಚ್ಚಾಗುತ್ತವೆ. ಜೋರಾಗಿ ಹೊಡೆದರೆ ಓ ಒಳಗಿನ ಚೂರು ಬಿದ್ದೇ ಹೋಗಿ, ಅಚ್ಚಿನಲ್ಲಿ ಕಪ್ಪು ಚುಕ್ಕೆ. ಮೆತ್ತಗೆ ಹೊಡೆದರೆ ಅಕ್ಷರವೇ ಇಲ್ಲ. ತಪ್ಪಾದರೆ ಕೆಂಪು ದ್ರವ ಹಚ್ಚಿ, ಊದಿ, ಒಣಗಿಸಿ, ಅದರ ಮೇಲೆ ಮತ್ತೆ ಹೊಡೆಯುವುದು. ಸುತ್ತೋಲೆಯಲ್ಲಿ ಸಾಹೇಬರ ಹೆಸರು ತಪ್ಪಾಗಿ ಎರಡು ಸಲ ಹಚ್ಚಿ, ಅಲ್ಲಿ ಗುಬ್ಬಚ್ಚಿ ಮೊಟ್ಟೆಯಷ್ಟು ಗುಡ್ಡೆಯೇ ಆಗಿತ್ತು.

ನನ್ನ ತಂದೆಯೂ ಇಲ್ಲೇ ಗುಮಾಸ್ತರು. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತಲ್ಲ. ಅವರು ಕಲಿತದ್ದು ಇಂಗ್ಲಿಷ್ ಟೈಪಿಂಗ್ ಒಂದೇ. ಕನ್ನಡ ಮಷಿನ್ ಮುಟ್ಟಿದ್ದು ನಾನು. ಅನಂತ ಸುಬ್ಬರಾಯರ ಕೀಲಿಮಣೆ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ನೂರರೊಳಗಿನ ಅಚ್ಚಿನಲ್ಲಿ ಹಿಡಿಸುವುದು ಸಣ್ಣ ಕೆಲಸವಾ? ಅಕ್ಷರವನ್ನು ತುಂಡು ತುಂಡಾಗಿ ಹೊಡೆದು ಕೂಡಿಸಬೇಕು. ಇಂಗ್ಲಿಷಿನಲ್ಲಿ ಕೈ ಓಡಿದ ಮೇಲೆ ಕನ್ನಡಕ್ಕೆ ಬಂದರೆ ಎತ್ತಿನ ಗಾಡಿ ಹತ್ತಿದ ಹಾಗೆ. ಆದರೆ ಮೊದಲ ದಿನ ನನ್ನ ಹೆಸರನ್ನು ಕನ್ನಡದಲ್ಲಿ ಅಚ್ಚಾಗಿ ನೋಡಿದ್ದು ಮರೆತಿಲ್ಲ. ಆ ಚೂರು ಹಾಳೆ ಬಹಳ ಕಾಲ ಪರ್ಸಿನಲ್ಲೇ ಇತ್ತು.

ಆಮೇಲೆ ಕಂಪ್ಯೂಟರ್, ಅದರಲ್ಲಿ ಕನ್ನಡ ಹೊಡೆಯುವ ನುಡಿ ತಂತ್ರಾಂಶ ಬಂತು. ಕೆ.ಪಿ. ರಾವ್ ಅವರ ಜೋಡಣೆಯಲ್ಲಿ ಇಂಗ್ಲಿಷಿನ ಕೆ ಒತ್ತಿದರೆ ಕ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭ ಇಲ್ಲ. ನನಗೆ ಮಾತ್ರ ಇಪ್ಪತ್ತು ವರ್ಷದ ಬೆರಳಿನ ಜೊತೆ ದಿನಾ ಜಗಳ. ಆರು ತಿಂಗಳು ಬೇಕಾಯಿತು.

ಹೊಸ ನೀರು, ಅಂಕೋಲಾ

ಈಮೇಲ್‌ನಲ್ಲಿ ಸಿಸಿ ಅಂದರೆ ಕಾರ್ಬನ್ ಕಾಪಿ ಅಂತ ಈಗ ತಲೆಗೆ ಹೋಯಿತು. ನಾನು ಅದಕ್ಕೆ ಬೇರೆ ಏನೋ ಅರ್ಥ ಅಂದುಕೊಂಡಿದ್ದೆ. ಏನು ಅಂತ ಕೇಳಬೇಡಿ.

ಬಸ್ಸಿನ ಕಿಟಕಿ, ಸೋಂದಾ ಕಡೆಯವಳು

ನನಗೆ ಕೆಲಸ ಸಿಗಲಿಲ್ಲ, ಅದೂ ಹೇಳಬೇಕಲ್ಲ. ಪರೀಕ್ಷೆ ಪಾಸಾಗಿತ್ತು. ಸರ್ಟಿಫಿಕೇಟ್ ಬಂದ ತಿಂಗಳೇ ಮದುವೆ ಗೊತ್ತಾಯಿತು. ಅದು ಟ್ರಂಕಿನ ತಳ ಸೇರಿತು. ಮೂವತ್ತು ವರ್ಷ ಆದ ಮೇಲೆ ಮಗಳ ಕಾಲೇಜಿನ ವರದಿ ಬಾಕಿ ಬಿದ್ದಿತ್ತು. ರಾತ್ರಿ ಹತ್ತಾಗಿತ್ತು, ಅವಳು ಎರಡು ಬೆರಳಿನಲ್ಲಿ ಕುಟ್ಟುತ್ತಾ ಅಳುವ ಹಾಗಾಗಿದ್ದಳು. ಸರಿ ಆಚೆ ಅಂದು ಕೂತೆ. ಕಣ್ಣು ಅವಳ ಹಾಳೆ ಮೇಲೆ, ಕೈ ಕೀಲಿ ಮೇಲೆ. ಹತ್ತು ಪುಟ. ಅವಳು ಪರದೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಯಿ, ಇದು ನಿನಗೆ ಯಾವಾಗ ಬರುತ್ತಿತ್ತು ಅಂದಳು. ಪ್ರತಿ ಸಾಲಿನ ಕೊನೆಗೆ ನನ್ನ ಎಡಗೈ ಕ್ಯಾರೇಜ್ ತಳ್ಳೋಕೆ ಮೇಲೇಳುತ್ತಿತ್ತಂತೆ. ನನಗೆ ಗೊತ್ತೇ ಆಗಿರಲಿಲ್ಲ.

ಅಟ್ಟದ ಬೆಕ್ಕಿನವರೇ, ನಿಮ್ಮ ಚಿಕ್ಕಪ್ಪ ಕೊಂಡದ್ದು ಯಾವ ಕ್ಲಾಸಿನವರಿಂದ ಅಂತ ಕೇಳಲ್ಲ. ಆದರೆ ಜಿ ಹೊಡೆದು ನೋಡುತ್ತೀರಾ?

ಸುಮ್ನೆ ಓದುವವ, ಹೊನ್ನಾವರ

ನಾನೂ ಕಾಯುತ್ತಿದ್ದೇನೆ. ಮಷಿನ್ ಎಷ್ಟು ಹಳೆಯದು ಅಂತ ಕೇಳುವವರಿಗೆ ಒಂದು ಮಾತು. ಗೋದ್ರೆಜ್ ಅಂದ ಮೇಲೆ 1955ರ ಹಿಂದಿನದ್ದಂತೂ ಅಲ್ಲ. ಅವರು ಟೈಪ್‌ರೈಟರ್ ಮಾಡಲು ಶುರು ಮಾಡಿದ್ದೇ ಆಗ. ಈಗ ಮಾಡುವುದಿಲ್ಲ. 2011ರಲ್ಲಿ ಪತ್ರಿಕೆಗಳಲ್ಲಿ ಕೊನೆಯ ಮಷಿನ್‌ಗಳ ಸುದ್ದಿ ಬಂದಿತ್ತು.

ಅಟ್ಟದ ಬೆಕ್ಕು, ಶಿರಸಿ

ಹತ್ತು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ನಡುವೆ ಮಳೆ ಬಂತು, ಹಂಚಿನ ಕೆಲಸ ಅರ್ಧಕ್ಕೆ ನಿಂತಿತು, ಬೈಗುಳ ತಿಂದೆ.

ಪಟ್ಟಿಯೇ ಹೋಗಿತ್ತು. ನೈಲಾನ್ ದಾರ ಕಟ್ಟಿದೆ. ಎರಡು ಸಲ ಡಬ್ಬಿ ಕೈಯಿಂದ ಬಿಚ್ಚಿಕೊಂಡಿತು, ಬೆರಳು ಉಳಿದಿದೆ. ರಿಬ್ಬನ್ ಇಲ್ಲಿ ಸಿಗಲಿಲ್ಲ, ಹುಬ್ಬಳ್ಳಿಗೆ ಹೋಗುವವರ ಹತ್ತಿರ ಹೇಳಿ ತರಿಸಿದೆ. ಅಕ್ಷರದ ಅಚ್ಚುಗಳ ಹೊಟ್ಟೆಯಲ್ಲಿ ಹಳೇ ಶಾಯಿ ಗಟ್ಟಿಯಾಗಿತ್ತು. ಸೂಜಿಯಲ್ಲಿ ಕೆದಕಿ ತೆಗೆದೆ. ಇ ಮತ್ತು ಎ ಪೂರ್ತಿ ಮುಚ್ಚಿಹೋಗಿದ್ದವು. ಗುಜರಿಯವನು ನಿನ್ನೆಯೂ ಬಂದಿದ್ದ. ಹಳೇ ಹಂಡೆ ಕೊಟ್ಟು ಕಳಿಸಿದೆ.

ಈಗ ಬೆಲ್ಲು ಹೊಡೆಯುತ್ತದೆ! ಪಕ್ಕದ ಮನೆ ಹುಡುಗರು ಬೆಲ್ಲಿಗಾಗಿಯೇ ಬರುತ್ತಾರೆ, ಅಕ್ಷರದ ಗೊಡವೆ ಇಲ್ಲ.

ಬಸ್ಸಿನ ಕಿಟಕಿಯವರೇ, ಎರಡು ಸಾಲು ತುಂಬ ಜಿ ಹೊಡೆದೆ. ಸ್ಕೇಲ್ ಇಟ್ಟೂ ನೋಡಿದೆ. ನೆಟ್ಟಗೆ ಸಾಲಿನಲ್ಲೇ ಇದೆ. ಸ್ವಲ್ಪ ವಾಲಿದ್ದು ಟಿ ಮಾತ್ರ.

ಬಸ್ಸಿನ ಕಿಟಕಿ, ಸೋಂದಾ ಕಡೆಯವಳು

ಹೋಗಲಿ ಬಿಡಿ. ಟಿ ವಾಲುತ್ತಿದ್ದದ್ದು ಏಳನೇ ನಂಬರ್. ಅದು ಕಿಟಕಿ ಪಕ್ಕದ್ದು. ಎಲ್ಲರಿಗೂ ಅದೇ ಬೇಕಿತ್ತು.